ಗಾಜು ಉಜ್ಜಿದ ವರ್ಷ

ಅತ್ತೆಯವರ ಕಣ್ಣಿನ ಬೆಳಕು ಇಳಿಯುತ್ತಿದ್ದ ವರ್ಷ ನಾವು ಮನೆಮಂದಿಯೆಲ್ಲ ಸೇರಿ ಮೀನಿನ ತೊಟ್ಟಿಯ ಗಾಜು ಉಜ್ಜುತ್ತಿದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಕೊನೆಗೆ ಹೇಳುವ ಜಾಣತನ ನನಗೆ ಬರುವುದಿಲ್ಲ. ಬಂದರೂ ಈ ವಿಷಯದಲ್ಲಿ ಬೇಡ.

ಚಾಮರಾಜನಗರದಲ್ಲಿ ನಾವು ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಗುಂಡ್ಲುಪೇಟೆಯಿಂದ ನನ್ನ ತಮ್ಮ ಬಂದ. ಅವನದು ತರಕಾರಿ ವ್ಯಾಪಾರ. ಈರುಳ್ಳಿ, ಬೀಟ್‌ರೂಟು, ಟೊಮೆಟೊ ತುಂಬಿದ ಲಾರಿಗಳ ಜೊತೆ ಕೇರಳದವರೆಗೂ ಹೋಗಿಬರುತ್ತಾನೆ. ಅಕ್ಕನ ಮನೆಗೆ ಹಿತ್ತಾಳೆ ದೀಪವೋ ಒಂದು ಕೊಳಗವೋ ತರುತ್ತಾನೆ ಎಂದುಕೊಂಡಿದ್ದೆ. ಅವನು ಈರುಳ್ಳಿ ಚೀಲದಲ್ಲಿ ಸುತ್ತಿದ ದೊಡ್ಡ ಗಾಜಿನ ತೊಟ್ಟಿಯನ್ನು ಗೂಡ್ಸ್ ಆಟೋದಿಂದ ಇಳಿಸಿದ. ಜೊತೆಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಕಿತ್ತಳೆ ಬಣ್ಣದ ಮೀನು.

"ಏನ್ಲಾ ಇದು?" ಎಂದೆ.

"ಮೀನ ಟ್ಯಾಂಕು ಕಣಕ್ಕ. ಮನೆಗ ಲಕ್ಷ್ಮಿ ಇದ್ದಂಗ."

ಒಳಗಿನಿಂದ ಅತ್ತೆಯವರು ಬಂದರು. ಅವರು ಉಡಿಗಾಲದವರು, ಹೊಲದಲ್ಲೇ ಆಯುಷ್ಯ ಕಳೆದವರು. ಮಗ ಮನೆ ಕಟ್ಟಿಸಿದನೆಂದು ನಮ್ಮ ಜೊತೆ ಇರಲು ಬಂದಿದ್ದರು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಮೀನಾ? ನಮ್ಮಟ್ಟೀಲಾ? ಮಾಂಸ ಮುಟ್ಟದಿರೋ ಮನೆಗ ಮೀನ್ ತಂದಿದ್ದಯ್ಯಲ್ಲಪ್ಪ!"

"ತಿನ್ನಕ್ಕಲ್ಲ ಕಣವ್ವ, ನೋಡಕ್ಕ."

"ನೋಡಕ್ಕ ಮೀನ್ ತರೋ ಜನ್ವೂ ಅವ್ರಾ ಶಿವ್ನೇ!"

ಎಲ್ಲರೂ ನಕ್ಕರು. ನನ್ನ ಯಜಮಾನರು ಭಾವಮೈದುನನ ಬೆನ್ನು ತಟ್ಟಿ, "ಬುಡಪ್ಪ, ಎಲ್ರೂ ತಂದ ದೀಪದಲ್ಲಿ ಅಂಗಡಿ ಇಡ್ಬೋದು. ನೀನ್ ತಂದದ್ದೇ ವಾಸಿ" ಎಂದರು.

ತೊಟ್ಟಿಯನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ನಾನು ಶಾಸ್ತ್ರ ನಂಬುವವಳು. ನೀರು ಈಶಾನ್ಯದಲ್ಲಿರಬೇಕು, ಅದರಲ್ಲಿ ಎರಡನೇ ಮಾತಿಲ್ಲ. ನಮ್ಮ ಹಜಾರದ ಈಶಾನ್ಯದಲ್ಲಿ ಪೂರ್ವಕ್ಕೆ ದೊಡ್ಡ ಕಿಟಕಿಯಿದೆ. ಸೂರ್ಯ ಹುಟ್ಟಿದ್ದೇ ಬಿಸಿಲು ನೇರ ಒಳಗೆ ಬೀಳುತ್ತದೆ. ಅಲ್ಲೇ ಇಡಿಸಿದೆ. ಮೊದಲ ದಿನ ಬೆಳಗಿನ ಬಿಸಿಲು ನೀರೊಳಗೆ ಹಾದು ಗೋಡೆಯ ಮೇಲೆ ಕುಣಿದದ್ದನ್ನು ಕಂಡು ಕೈ ಮುಗಿದೆ. ಆ ಬಿಸಿಲೇ ಮುಂದೆ ನಮಗೆ ಕೆಲಸ ಕೊಟ್ಟಿತು.

ಮೀನು ಬೇಡವೆಂದ ಅತ್ತೆಯವರೇ ಅದಕ್ಕೆ ಮೊದಲು ಅಂಟಿಕೊಂಡವರು. ಪಟ್ಟಣದ ಮನೆಯಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಕಳೆ ಕೀಳಲು ಹೊಲವಿಲ್ಲ, ಬೈಯಲು ದನವಿಲ್ಲ. ತೊಟ್ಟಿಯ ಮುಂದೆ ಒಂದು ಕುರ್ಚಿ ಹಾಕಿಕೊಂಡು ಕೂತರು. ಆ ಜಾತಿಯ ಮೀನು ಮನುಷ್ಯರ ಗುರುತು ಹಿಡಿಯುತ್ತದೆ. ಎರಡರಲ್ಲಿ ದೊಡ್ಡದಂತೂ, ಅತ್ತೆಯವರು ಬಂದು ಕೂತರೆ ಸಾಕು, ಎಲ್ಲಿದ್ದರೂ ಬಂದು ಅವರ ಮುಖದ ಎದುರೇ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ನಾನು ಕೂತರೆ ಬಾಲ ತಿರುಗಿಸುತ್ತಿತ್ತು.

"ನೋಡ್ದ್ಯಾ, ಇದ್ಕೂ ಗೊತ್ತು ಮನೆ ಯಜಮಾನ್ತಿ ಯಾರೂಂತ" ಎಂದು ಅತ್ತೆಯವರು ನನ್ನನ್ನು ಛೇಡಿಸುತ್ತಿದ್ದರು.

ತಮ್ಮ ತಂದುಕೊಟ್ಟ ಮೀನಿನ ತಿಂಡಿಯ ಡಬ್ಬಿ ತೆಗೆದರೆ ಒಣಸೀಗಡಿಯ ವಾಸನೆ. ಅದನ್ನು ಮುಟ್ಟಿದ ಕೈಯಲ್ಲಿ ದೇವರ ಮನೆಗೆ ಹೋಗುವುದು ಹೇಗೆ? ನಾನು ಡಬ್ಬಿಯನ್ನು ಮೂಲೆಗಿಟ್ಟೆ. ದೇವಸ್ಥಾನದ ಕಲ್ಯಾಣಿಯಲ್ಲಿ ಮೀನಿಗೆ ಪುರಿ ಹಾಕಿ ಕೈ ಮುಗಿದು ಬರುವುದು ನಮಗೆ ಚಿಕ್ಕಂದಿನಿಂದ ರೂಢಿ. ಮನೆಯ ಮೀನಿಗೂ ಅದೇ ಆಯಿತು. ಪೂಜೆಯಾದ ಮೇಲೆ ನೈವೇದ್ಯದ ಮೊದಲ ತುತ್ತು ತೊಟ್ಟಿಗೆ. ಅತ್ತೆಯವರದು ಹಿಡಿ ಪುರಿ. ಮನೆಗೆ ಬಂದ ನೆಂಟರೂ ಅಷ್ಟೇ, ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಮೀನಿಗೆ ಏನಾದರೂ ಹಾಕಿಯೇ ಕಾಫಿಗೆ ಕೂರುತ್ತಿದ್ದರು. ಪುಣ್ಯದ ಕೆಲಸ, ಬೇಡ ಎನ್ನುವುದು ಹೇಗೆ?

ಬರೀ ಕಲ್ಲು ತುಂಬಿದ ತೊಟ್ಟಿ ಬೋಳಾಗಿದೆ, ನಾಲ್ಕು ಗಿಡ ಇದ್ದರೆ ಚೆನ್ನ ಎಂದು ನನಗೆ ಅನ್ನಿಸಿತು. ಉಡಿಗಾಲಕ್ಕೆ ಹೋದಾಗ ಕೆರೆಯಂಚಿನ ಜೊಂಡು, ಒಂದಿಷ್ಟು ಒಂದೆಲಗ ಕಿತ್ತು ತಂದೆ. ನೆಡಲು ಕೂತಾಗ ಅತ್ತೆಯವರು ಬಂದು ನೋಡಿದರು.

"ಬರೀ ಕಲ್ಲಲ್ಲಿ ನೆಟ್ರ ಏನ್ ಬಂದದು? ಗಿಡ ಅಂದ್ಮ್ಯಾಕ ಗೊಬ್ಬರ ಬ್ಯಾಡ್ವಾ?"

ಅವರೇ ತುಳಸಿ ಕಟ್ಟೆಗೆಂದು ತಂದಿಟ್ಟಿದ್ದ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೊಗಸೆ ತುಂಬ ತಂದು ಕಲ್ಲಿನಡಿ ಹಾಸಿದರು. ಹೊಲ ಮಾಡಿದ ಕೈ, ನಾನು ಎದುರು ಹೇಳಲಿಲ್ಲ. ಮಾರನೆಯ ದಿನ ಎದ್ದು ನೋಡಿದರೆ ಎರಡು ಮೀನೂ ಸೇರಿ ಬಾಯಲ್ಲಿ ಕಲ್ಲು ಕಚ್ಚಿ ಕಚ್ಚಿ ಉಗುಳಿ, ಅಷ್ಟೂ ಗಿಡವನ್ನು ಬೇರು ಸಮೇತ ಕಿತ್ತು ತೇಲಿಬಿಟ್ಟಿದ್ದವು. ಗೊಬ್ಬರವೆಲ್ಲ ನೀರಿಗೆ ಕದಡಿತ್ತು. ಅದಾಗಿ ಕೆಲವೇ ದಿನಕ್ಕೆ ನೀರು ಹೆಸರುಕಾಳಿನ ಕಟ್ಟಿನ ಹಾಗೆ ಹಸಿರಾಯಿತು. ಗಾಜಿನ ಮೇಲೆ ಪಾಚಿ ಪದರ ಪದರವಾಗಿ ಕಟ್ಟಿತು.

"ವಾಸ್ತು ನೋಡಿ ಮೀನ್ಗೂ ಬಿಸ್ಲು ಕಾಯ್ಸುದ್ರಿ, ಗೊಬ್ಬರನೂ ಆಕುದ್ರಿ. ಇನ್ನೇನು, ನಾಟಿ ಮಾಡದೊಂದೇ ಬಾಕಿ" ಎಂದು ನನ್ನ ಯಜಮಾನರು ನಕ್ಕರು. ನಾವೂ ನಕ್ಕೆವು. ಆಗ ಎಲ್ಲವೂ ನಗುವ ವಿಷಯವೇ ಆಗಿತ್ತು.

ಇಲ್ಲಿ ಅತ್ತೆಯವರ ಒಂದು ಸ್ವಭಾವ ಹೇಳಬೇಕು. ಅವರು ತಮ್ಮ ಮೈಯ ಮೇಲೆ ಎಂದೂ ದೂರು ಹೇಳಿದವರಲ್ಲ. ಮಂಡಿ ನೋಯುತ್ತಿದೆ ಎಂದು ಅವರ ಬಾಯಲ್ಲಿ ಬರುವುದಿಲ್ಲ, "ಈ ಮನೆ ಮೆಟ್ಲ ಶಾನೆ ಎತ್ರ ಕಟ್ಸವ್ರ" ಎನ್ನುತ್ತಾರೆ. ಹಲ್ಲು ನೋವಾದರೆ "ಈ ಸಲದ ರಾಗಿ ಯಾಕೋ ತರಿ ತರಿ." ನೆಗಡಿಯಾದರೆ ಸಾರಿಗೆ ಒಗ್ಗರಣೆ ಸಾಲದು. ಉಡಿಗಾಲದ ಅವರ ಓರಗೆಯ ಹೆಂಗಸರೆಲ್ಲ ಹೀಗೇ. ಮೈಗೆ ಬಂದದ್ದನ್ನು ಮೈಯ ಹೆಸರಲ್ಲಿ ಹೇಳಿದರೆ ಕೆಲಸ ತಪ್ಪಿಸಿಕೊಳ್ಳಲು ಹೇಳಿದ ಹಾಗೆ ಎಂದು ಅವರ ಎಣಿಕೆ. ಅವರ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಿಳಿಯದೆ ರಾಗಿಯನ್ನು ಇನ್ನೊಂದು ಸಲ ಬೀಸಿಸಿಕೊಂಡು ಬಂದಿದ್ದೆ. ಆಮೇಲೆ ಕಲಿತೆ. ಮೆಟ್ಟಿಲು ಎತ್ತರವೆಂದರೆ ಮಂಡಿಗೆ ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದೆ, ರಾಗಿ ತರಿಯೆಂದರೆ ಲವಂಗ. ಅವರೂ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಅವರ ಮಾತಿನ ಒಳಗನ್ನು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗಿಂತ ನಾನೇ ಚೆನ್ನಾಗಿ ಬಲ್ಲೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಅಂಥ ನನಗೆ ತೊಟ್ಟಿಯ ಮಾತು ಅರ್ಥವಾಗಲಿಲ್ಲ. ಏಕೆಂದರೆ ಅಲ್ಲಿ ನಿಜವಾಗಿಯೂ ಪಾಚಿ ಇತ್ತು.

"ಈ ಗಾಜು ಮಬ್ಬಾಗ್ಬುಟ್ಟದ ಕಣವ್ವ, ಮೀನು ಸರ್ಯಾಗಿ ಕಾಣಲ್ದು" ಎಂದರು ಒಂದು ದಿನ. ನೋಡಿದೆ, ಗಾಜು ಮಬ್ಬಾಗಿಯೇ ಇತ್ತು. ಪಾತ್ರೆ ತಿಕ್ಕುವ ಹೊಸ ನಾರು ತಂದು ಉಜ್ಜಿದೆ. ವಾರಕ್ಕೆ ಮತ್ತೆ ಹಾಗೇ. ಮತ್ತೆ ಉಜ್ಜಿದೆ.

ತವರಿಗೆ ಹೋದಾಗ ತಮ್ಮ ನನ್ನನ್ನು ಮೀನಿನ ಅಂಗಡಿಗೆ ಕರೆದುಕೊಂಡು ಹೋದ. ಗುಂಡ್ಲುಪೇಟೆಯ ಪೇಟೆಬೀದಿಯ ಒಳಗೆ, ಕೇರಳದ ಕಡೆಯವರೊಬ್ಬರ ಚಿಕ್ಕ ಅಂಗಡಿ. ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಕನ್ನಡದಲ್ಲಿ ಮಲಯಾಳದ ರಾಗ ಹೋಗಿಲ್ಲ, ಅಕ್ಕ ಎನ್ನಲು ಚೇಚಿ ಎಂದೇ ಬಾಯಿಗೆ ಬರುತ್ತದೆ. ನಾನು ಎಲ್ಲವನ್ನೂ ಹೇಳಿದೆ. ಗೊಬ್ಬರದ ಮಾತು ಬಂದಾಗ ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಕ್ಕರು.

"ಚೇಚಿ, ಇದು ಸಿಕ್ಲಿಡ್ ಜಾತಿ. ಅಗೆಯೋದೇ ಇದ್ರ ಕೆಲ್ಸ. ನೀವು ನೆಟ್ಟ ಗಿಡ ಅದಕ್ಕೆ ಆಟದ ಸಾಮಾನು."

"ಹಂಗಾರ ಗಿಡಾನೇ ಬ್ಯಾಡ್ವಾ?"

"ಬೇಕು, ಬೇಕು. ಗಿಡ ಇದ್ರೆ ಪಾಚಿ ಊಟ ಗಿಡ ತಿಂತದೆ. ಆದ್ರೆ ನೆಡಬೇಡಿ, ಕಟ್ಟಿ."

ದಪ್ಪ ಎಲೆಯ ಒಂದು ಗಿಡ ತೋರಿಸಿದರು, ಅನೂಬಿಯಾಸ್ ಎಂದು ಹೆಸರು. ಎಲೆ ವೀಳ್ಯದೆಲೆಯ ಆಕಾರ, ಆದರೆ ಮುಟ್ಟಿದರೆ ಚರ್ಮದ ಹಾಗೆ ಗಟ್ಟಿ, ಮೀನು ಕಚ್ಚಿದರೂ ಹರಿಯುವುದಿಲ್ಲ. ಇನ್ನೊಂದು ಜಾವಾ ಫರ್ನ್, ಅದರ ಎಲೆ ಕಹಿಯಂತೆ, ಮೀನು ಬಾಯಿಗೆ ಹಾಕಿ ಉಗಿದುಬಿಡುತ್ತದೆ. ಎರಡನ್ನೂ ಮಣ್ಣಿನಲ್ಲಿ ಹೂಳಬಾರದು, ಗಡ್ಡೆ ಕೊಳೆಯುತ್ತದೆ. ದಪ್ಪ ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ ಇಳಿಬಿಟ್ಟರೆ ಬೇರು ತಾನೇ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಮನಿಪ್ಲಾಂಟ್ ಬಳ್ಳಿ ಇದ್ದರೆ ಅದರ ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ, ಹಾಗೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ ಎಂದರು.

"ಪಾಚಿಗೆ ಬೇಕಾದ್ದು ಬೆಳಕು, ಊಟ. ನೀವು ಎರಡೂ ಧಾರಾಳ ಕೊಡ್ತಿದ್ದೀರಿ. ಪುರಿ ನಿಲ್ಸಿ. ಡಬ್ಬಿ ತಿಂಡಿ ಕೊಡಿ, ಸ್ವಲ್ಪ ಸ್ವಲ್ಪ. ಟ್ಯಾಂಕನ್ನ ಕಿಟಕಿಯಿಂದ ಎತ್ತಿ ಆ ಕಡೆ ಇಡಿ."

"ಅದೊಂದಾಗಲ್ಲ. ಅದು ಈಶಾನ್ಯ."

"ಹಾಗಾದ್ರೆ ಕರ್ಟನ್ ಹಾಕಿ ಚೇಚಿ. ದಪ್ಪ ಕರ್ಟನ್. ಒಳಗಿನ ಲೈಟೂ ಅರ್ಧ ದಿನ ಸಾಕು."

ಗಿಡ ಕಟ್ಟುವ ದಿನ ಅತ್ತೆಯವರು ಪಕ್ಕದಲ್ಲೇ ಕೂತಿದ್ದರು. "ಬೇರ್ನ ಮಣ್ಗ ಆಕ್ದೆ ಕಲ್ಗ ಕಟ್ಟದಾ? ಇನ್ನೇನೇನ್ ನೋಡ್ಬೇಕೋ ಮಾದಪ್ಪ!" ಎಂದು ಹಣೆ ಚಚ್ಚಿಕೊಂಡರು. ದಾರ ಹುಡುಕಿದರೆ ಮನೆಯಲ್ಲಿದ್ದದ್ದು ಅರಿಶಿನ ಹಚ್ಚಿದ ಹತ್ತಿ ದಾರ. ಅದರಲ್ಲೇ ಕಟ್ಟಿದೆ. ಕಂಕಣ ಕಟ್ಟಿಸಿಕೊಂಡ ಮದುಮಕ್ಕಳ ಹಾಗೆ ಕಲ್ಲುಗಳು ನೀರಿಗಿಳಿದವು. ಗಂಟು ಹಾಕಲು ಒಂದು ಕಲ್ಲನ್ನು ಅತ್ತೆಯವರ ಕೈಗೆ ಕೊಟ್ಟಿದ್ದೆ. ಅವರು ದಾರದ ತುದಿಯನ್ನು ಬೆರಳಲ್ಲಿ ತಡಕಿ ತಡಕಿ ಹುಡುಕಿದರು. "ಸಣ್ ದಾರ ತಂದಿದ್ದಯ್ಯ" ಎಂದರು. ನಾನು, "ಕೊಡಿ ಅತ್ತೆಮ್ಮ, ನಾನೇ ಕಟ್ತೀನಿ" ಎಂದು ಕಲ್ಲನ್ನು ಈಸಿಕೊಂಡೆ. ಅವರ ಆ ಒಂದು ಮಾತು ಈಗಲೂ ಕಿವಿಯಲ್ಲಿದೆ. ದಾರ ಸಣ್ಣದಾಗಿರಲಿಲ್ಲ.

ಕಿಟಕಿಗೆ ದಪ್ಪ ಪರದೆ ಬಂತು. ತೊಟ್ಟಿಯ ದೀಪ ಅರ್ಧ ದಿನ ಮಾತ್ರ. ಡಬ್ಬಿಯ ತಿಂಡಿಯನ್ನು ನಾನು ಎಡಗೈಯಲ್ಲಿ ಹಾಕಿ ಕೈ ತೊಳೆದುಕೊಂಡು ದೇವರಿಗೆ ತಪ್ಪಾಯಿತು ಎನ್ನುತ್ತಿದ್ದೆ. ನಿಧಾನವಾಗಿ ನೀರು ತಿಳಿಯಾಯಿತು. ಮನಿಪ್ಲಾಂಟಿನ ಬೇರು ನೀರಿನಲ್ಲಿ ಬಿಳಿ ಗಡ್ಡದ ಹಾಗೆ ಇಳಿಯಿತು. ಅನೂಬಿಯಾಸ್ ಕಲ್ಲನ್ನು ಕಚ್ಚಿಕೊಂಡು ಹೊಸ ಎಲೆ ಬಿಟ್ಟಿತು. ದಾರ ಕರಗಿ ಹೋದರೂ ಗಿಡ ಅಲ್ಲಾಡಲಿಲ್ಲ. ನೋಡಿದವರೆಲ್ಲ ಹೊಗಳಿದರು. ಪಾಚಿಗೆಂದು ನಾನು ಆ ಮೂಲೆಯ ಬೆಳಕು ಕಡಿಮೆ ಮಾಡಿದ್ದೆ. ಅದೇ ಮೂಲೆಯಲ್ಲಿ ಅತ್ತೆಯವರ ಕುರ್ಚಿ ಇತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವರ ದೂರು ಮಾತ್ರ ನಿಲ್ಲಲಿಲ್ಲ.

"ಈ ಪಕ್ದಲ್ಲಿ ಗಿಡ ಜಾಸ್ತಿಯಾಗದ. ಮೀನು ಅತ್ಲಾಗ್ ಓಗಿ ಅವಿತ್ಕತ್ತದ" ಎಂದರು. ಆ ಪಕ್ಕದ ಗಿಡ ತೆಗೆದು ಹಿಂದಕ್ಕೆ ಇಟ್ಟೆ. ಕೆಲವು ದಿನಕ್ಕೆ, "ಈಗ ಈ ಪಕ್ದಲ್ಲಿ ಅವಿತ್ಕತ್ತದ" ಎಂದರು. ಅದನ್ನೂ ತೆಗೆದೆ.

"ಲೈಟ್ ಸುತ್ತ ಬಣ್ ಬಣ್ದ ಬಳೆ ಕಾಣ್ತದ. ನೀರ್ ಇನ್ನೂ ಸರಿಯಾಗಿಲ್ಲ."

ಅದಕ್ಕೂ ನೀರು ಬದಲಿಸಿದೆ. ತಲೆ ಹಿಡಿದುಕೊಂಡು ಕೂತದ್ದನ್ನು ನೋಡಿ ಕೇಳಿದರೆ, "ಈ ತಾರಸಿ ಕಾವು ತಲೆಗತ್ತದ. ನಮ್ಮೂರ್ ಹೆಂಚಿನ ಮನೆ ತಣ್ಗಿತ್ತು" ಎಂದರು. ಅದನ್ನು ನಾನು ತಲೆನೋವು ಎಂದು ಸರಿಯಾಗಿಯೇ ಅರ್ಥ ಮಾಡಿಕೊಂಡೆ. ಹರಳೆಣ್ಣೆ ತಟ್ಟಿದೆ. ಇಷ್ಟು ಹತ್ತಿರ ಬಂದೂ ತಿಳಿಯದೆ ಹೋದೆನಲ್ಲ ಎಂದು ಈಗ ಅನಿಸುತ್ತದೆ.

ಯಜಮಾನರು ಆಫೀಸಿನಿಂದ ಬಂದು, ಪ್ಯಾಂಟು ಮಡಚಿಕೊಂಡು, ಗಾಜು ಉಜ್ಜುವ ಕೋಲು ಹಿಡಿಯುತ್ತಿದ್ದರು. "ಇನ್ನು ಉಜ್ಜಿದ್ರ ಗಾಜೇ ತೂತಾಯ್ತದ ಕಣವ್ವ" ಎಂದು ತಾಯಿಗೆ ಹೇಳುತ್ತಿದ್ದರು. "ನಮ್ಮವ್ವನ ಕಣ್ಗ ಪಾಚಿ ಬುಟ್ರ ಬ್ಯಾರೇನೂ ಕಾಣ್ದು" ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದರು. ಅತ್ತೆಯವರು ನಗುತ್ತಿದ್ದರು. ನಗುತ್ತಲೇ, "ಆ ಮೂಲೇಲಿ ಒಸಿ ಉಜ್ಜು ಮಗ" ಎನ್ನುತ್ತಿದ್ದರು. ಹೀಗೆ ಒಂದು ವರ್ಷದ ಹತ್ತಿರ ಹತ್ತಿರ.

ಒಂದು ಸೋಮವಾರ ನಾನು ಹಟ ಹಿಡಿದು ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದೆ. ಮೀನುಗಳನ್ನು ಬಚ್ಚಲಿನ ದೊಡ್ಡ ಟಬ್ಬಿಗೆ ಬಿಟ್ಟೆ. ಗಿಡ ಕಟ್ಟಿದ ಕಲ್ಲುಗಳನ್ನು ಒಂದು ಬಕೆಟ್ಟಿನಲ್ಲಿ ಇಟ್ಟೆ. ನೀರನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು, ಗಾಜನ್ನು ಒಳಗೂ ಹೊರಗೂ ಒರಸಿ ಒಣಗಿಸಿದೆ. ಇಂದು ಯಾರೂ ಒಂದು ಮಾತು ಆಡುವ ಹಾಗಿಲ್ಲ ಎಂದುಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಅನ್ನಕ್ಕಿಟ್ಟೆ. ಅತ್ತೆಯವರು ಆಗಷ್ಟೇ ಪೂಜೆ ಮುಗಿಸಿ ಬಂದು ತಮ್ಮ ಕುರ್ಚಿಯಲ್ಲಿ ಕೂತ ಸದ್ದಾಯಿತು. ನಾನು ತೊಟ್ಟಿ ತೊಳೆದ ಸಂಗತಿ ಅವರಿಗೆ ಹೇಳಿರಲಿಲ್ಲ.

"ಎಲ್ಗೋದ್ಯಪ್ಪ? ಇವತ್ತೂ ಅವಿತ್ಕಂಡ್ಯಾ?" ಎಂದು ಮೀನನ್ನು ಮಾತಾಡಿಸುವುದು ಕೇಳಿಸಿತು. "ಬಾ ಕೂಸೇ, ಬಾ. ಅಜ್ಜಿ ಬಂದಿವ್ನಿ. ಗಿಡದ ಸಂದಿಲಿ ಏನ್ ಮಾಡಿಯೇ?"

ನಾನು ಬಾಗಿಲಿಗೆ ಬಂದು ನೋಡಿದೆ. ಅತ್ತೆಯವರು ಗಾಜಿಗೆ ಮುಖ ಹತ್ತಿರ ತಂದು, ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಒಳಗೆ ನೀರಿಲ್ಲ, ಗಿಡವಿಲ್ಲ, ಮೀನಿಲ್ಲ. ಒಣಗಿದ ಗಾಜು ಮಾತ್ರ.

"ಅಮ್ಮಯ್ಯ, ಈ ಗಾಜು ಒಸಿ ಉಜ್ಜವ್ವ. ಅಂಚೆಲ್ಲ ಮಬ್ಬು" ಎಂದರು ನನ್ನ ಹೆಜ್ಜೆ ಸಪ್ಪಳ ಕೇಳಿ.

ಅವರ ಮುಂದೆ ಹೋಗಿ ನೆಲದ ಮೇಲೆ ಕೂತೆ.

"ಅತ್ತೆಮ್ಮ, ನನ್ ಮುಖ ನೋಡಿ. ಕಾಣ್ತದಾ?"

"ಕಾಣ್ದೆ ಏನು? ಮೂಗುತಿ ಕಾಣ್ತದ."

"ಕಿವಿ ಓಲೆ?"

ಅವರ ಕೈ ನನ್ನ ಕಿವಿಯ ಕಡೆ ತಡಕುತ್ತಾ ಬಂತು. ಆಮೇಲೆ, "ಈಚೀಚ್ಗ ಬೆಳ್ಕೇ ಸಾಲ್ದು ಕಣವ್ವ ಈ ಮನೇಲಿ" ಎಂದರು. ಒಲೆಯ ಮೇಲಿನ ಅನ್ನ ತಳ ಹಿಡಿದ ವಾಸನೆ ಬಂತು. ನಾನು ಏಳಲಿಲ್ಲ.

ಮೈಸೂರಿಗೆ ಹೋದೆವು. ಕಣ್ಣಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನಿ. ಯಂತ್ರಕ್ಕೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಅಜ್ಜಿ, ದೀಪದ ಸುತ್ತ ಬಣ್ಣ ಬಣ್ಣವಾಗಿ ಕಾಣ್ತಿತ್ತಾ?"

"ಕಾಣ್ತಿತ್ತು ಕಣಪ್ಪ. ಅದು ಕಣ್ದಲ್ಲ, ನಮ್ ಮೀನ್ ಟ್ಯಾಂಕಿಂದು. ನೀರ್ ಸರಿ ಇರ್ನಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಯಜಮಾನರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಗ್ಲಕೋಮಾ ಎನ್ನುತ್ತಾರೆ, ಅಂಚಿನಿಂದ ನೋಟ ಕಳೆಯುತ್ತಾ ಬರುತ್ತದೆ ಎಂದರು. ಎಡಗಣ್ಣು ಬಹುಮಟ್ಟಿಗೆ ಹೋಗಿದೆ. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಜಾಗ ಉಳಿದಿದೆ. "ಹೋಗಿರೋದು ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಕಾಪಾಡಿಕೊಳ್ಳೋಣ" ಎಂದು ಹೇಳಿ, ಅಂದೇ ಲೇಸರ್ ಮಾಡಿ, ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಮೊದಲೇ ಯಾಕೆ ಕರೆತರಲಿಲ್ಲ ಎಂದು ಅವರು ಕೇಳಲಿಲ್ಲ. ದೇವರು ಮಾಡಿದ ಚಿಕ್ಕ ದಯೆಗಳಲ್ಲಿ ಅದನ್ನೂ ಸೇರಿಸಿಕೊಳ್ಳುತ್ತೇನೆ.

ಬಲಗಣ್ಣಿನಲ್ಲಿ ಉಳಿದ ಜಾಗವೂ ದಯೆಯೇ. ತೂತು ಬಿದ್ದ ಕಾಸಿನಲ್ಲಿ ಇಣುಕಿದ ಹಾಗೆ ಕಾಣುತ್ತದೆ ಎಂದು ಅತ್ತೆಯವರೇ ಒಮ್ಮೆ ಹೇಳಿದರು. ಅಷ್ಟರಲ್ಲಿ ಒಂದು ಕಿತ್ತಳೆ ಮೀನು ಹಿಡಿಸುತ್ತದೆ. ಆದರೆ ಪಾಚಿ ಕಾಣಿಸಿಕೊಂಡ ಮೊದಲ ತಿಂಗಳೇ ಮೈಸೂರಿಗೆ ಹೋಗಿದ್ದರೆ ಇಡೀ ತೊಟ್ಟಿಯೇ ಕಾಣುತ್ತಿತ್ತು, ಕಿಟಕಿಯೂ ಕಾಣುತ್ತಿತ್ತು, ಅದರಾಚೆಯ ತೆಂಗಿನ ಮರವೂ ಕಾಣುತ್ತಿತ್ತು ಎಂಬ ಲೆಕ್ಕ ನನ್ನೊಳಗೆ ಮುಗಿಯುವುದಿಲ್ಲ. ಪೂಜೆಗೆ ಕೂತಾಗ ಬರುತ್ತದೆ. ದೇವರ ಮುಂದೆ ಅದು ಕೊಡು ಇದು ಕೊಡು ಎಂದು ಕೇಳುವವಳಲ್ಲ ನಾನು. ಆದರೂ ಆ ಒಂದು ವರ್ಷವನ್ನು ಮಾತ್ರ ಎಷ್ಟೋ ಸಲ ಕೇಳಿದ್ದೇನೆ.

ಒಮ್ಮೆ ಅತ್ತೆಯವರ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅವರು ನನ್ನ ತಲೆಯನ್ನು ತಡಕಿ ಕೈಯಿಟ್ಟರು.

"ಯಾಕವ್ವ ಅಳೀಯೆ? ನಂಗೇ ಗೊತ್ತಾಗ್ನಿಲ್ಲ. ನಾನೂ ಪಾಚಿ ಅಂದ್ಕಂಡೇ ಇದ್ದಿ. ನಿಂಗ್ ಹೆಂಗ್ ಗೊತ್ತಾದದು?"

ಅದು ನನ್ನ ಸಮಾಧಾನಕ್ಕೆ ಹೇಳಿದ್ದೋ ನಿಜವೋ ತಿಳಿಯದು. ನಿಜವೇ ಆದರೆ ಇನ್ನೂ ಸಂಕಟ. ತನ್ನ ಕಣ್ಣು ಹೋಗುತ್ತಿದೆ ಎಂದು ತನಗೇ ಒಪ್ಪಿಕೊಳ್ಳದೆ ಗಾಜನ್ನು ಬೈದುಕೊಂಡು ಕೂತಿದ್ದರಲ್ಲ, ಅವರ ಜೊತೆ ನಾನೂ ಸೇರಿ ಗಾಜನ್ನೇ ಬೈದೆ.

ತೊಟ್ಟಿಯನ್ನು ಈಶಾನ್ಯದಿಂದ ಎತ್ತಿಸಿದೆ. ದಕ್ಷಿಣದ ಗೋಡೆಗೆ ಹೋಯಿತು. ಶಾಸ್ತ್ರ ಗೊತ್ತಿರುವ ನೆಂಟರು ಗೊಣಗಿದರು. ಕಿಟಕಿಯ ಪರದೆ ತೆಗೆದು ಒಗೆದು ಮಡಚಿಟ್ಟೆ. ಬೆಳಗಿನ ಬಿಸಿಲು ಬೀಳುವ ಆ ಮೂಲೆಯಲ್ಲಿ ಈಗ ಅತ್ತೆಯವರು ಕೂತು ಜಪ ಮಾಡುತ್ತಾರೆ. ಬಿಸಿಲು ಮುಖದ ಮೇಲೆ ಬಿದ್ದರೆ, "ಸೂರ್ಯಪ್ಪ ಬಂದ" ಎನ್ನುತ್ತಾರೆ. ಜಪ ಮುಗಿದ ಮೇಲೆ ಗೋಡೆ ಹಿಡಿದುಕೊಂಡು ಮೀನಿನ ಹತ್ತಿರ ಬರುತ್ತಾರೆ. ದೊಡ್ಡ ಮೀನು ಈಗಲೂ ಅವರ ಮುಖದ ಎದುರು ಬಂದು ನಿಲ್ಲುತ್ತದೆ. ನೋಟದ ಅಂಚಿಗೆ ಸರಿದು ಕಾಣದಾದರೆ ಕಲ್ಲು ಕಚ್ಚಿ ಗಾಜಿಗೆ ಉಗುಳುವ ಟಿಕ್ ಟಿಕ್ ಸದ್ದಿನಿಂದ ಎಲ್ಲಿದೆಯೆಂದು ಹೇಳುತ್ತಾರೆ. ತಪ್ಪುವುದಿಲ್ಲ. ಅಗೆಯುವ ಕೆಟ್ಟ ಚಾಳಿ ಎಂದು ನಾವು ಬೈದದ್ದೇ ಈಗ ಅವರಿಗೆ ಮೀನಿನ ಗುರುತು.

ನನಗೆ ಒಂದು ಹೊಸ ಚಾಳಿ ಅಂಟಿದೆ. ಅವರು ಯಾವ ವಸ್ತುವನ್ನು ದೂರಿದರೂ ಮೊದಲು ಅವರ ಮೈಯನ್ನೇ ವಿಚಾರಿಸುತ್ತೇನೆ. ಒಂದು ದಿನ, "ಈ ಕುರ್ಚಿ ಯಾಕೋ ಓಲಾಡ್ತದ ಕಣವ್ವ" ಎಂದರು. ತಲೆಸುತ್ತು ಎಂದುಕೊಂಡು ಆಟೋ ಕರೆಸಿ, ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದೊಯ್ದು ಬಿಪಿ ನೋಡಿಸಿದೆ. ಎಲ್ಲ ಸರಿಯಿತ್ತು. ಮನೆಗೆ ಬಂದು ಯಜಮಾನರು ಆ ಕುರ್ಚಿಯಲ್ಲಿ ಕೂತದ್ದೇ ತಡ, ಅದರ ಕಾಲು ಮುರಿದು ನೆಲಕ್ಕೆ ಬಿದ್ದರು. ಅತ್ತೆಯವರು ನಕ್ಕ ನಗು ಬೀದಿಗೆ ಕೇಳಿಸಿತು. "ಕುರ್ಚಿ ಅಂದ್ರ ಕುರ್ಚಿನೇ ಕಣಮ್ಮಿ ಒಂದೊಂದ್ಸಲ" ಎಂದರು.

ಹೋದ ಶನಿವಾರ ತೊಟ್ಟಿ ತೊಳೆಯುವ ಸರದಿ. ಈಗ ಒಂದಿಷ್ಟು ನೀರು ಬದಲಿಸಿ, ಅನೂಬಿಯಾಸ್ ಎಲೆಗಳನ್ನು ಬೆರಳಲ್ಲಿ ಸವರಿ, ಗಾಜು ಉಜ್ಜಿದರೆ ಆಯಿತು. ಎಲ್ಲ ಮುಗಿಸಿ ಕೈ ಒರಸಿಕೊಳ್ಳುತ್ತಿದ್ದೆ. ಅತ್ತೆಯವರು ಬಂದು ಕೂತರು.

"ಇಲ್ಲಿ ಇನ್ನೂ ಪಾಚಿ ಅದ" ಎಂದರು.

ನೋಡಿದೆ. ಗಾಜು ಥಳಥಳ ಎನ್ನುತ್ತಿತ್ತು. ಈ ಕಡೆಯಿಂದ ನೋಡಿದೆ, ಬಗ್ಗಿ ಕೆಳಗಿನಿಂದ ನೋಡಿದೆ. ಎಲ್ಲೂ ಏನೂ ಇಲ್ಲ. ಆ ಒಂದು ಕಾಸಿನಷ್ಟು ಜಾಗವೂ ಹೋಯಿತೇ? ಹನಿ ಹಾಕುವುದನ್ನು ಒಂದು ದಿನವೂ ತಪ್ಪಿಸಿಲ್ಲವಲ್ಲ? ಈ ಸಲ ಗಾಜಿಗೆ ಕೈ ಹಾಕಬಾರದು, ಮಾತನ್ನು ನುಂಗಬಾರದು ಎಂದುಕೊಂಡು ಅವರ ಪಕ್ಕ ಕೂತೆ.

"ಅತ್ತೆಮ್ಮ, ಗಾಜು ಚೆನ್ನಾಗದೆ. ಏನೂ ಇಲ್ಲ. ನಾಳಿದ್ದು ಸೋಮವಾರ, ಮೈಸೂರ್ಗ ಹೋಗ್ಬರನ. ಡಾಕ್ಟ್ರು ಒಂದ್ಸಲ ನೋಡ್ಲಿ."

ಅವರ ಬಲಗೈಯ ತೋಳು ಮೊಣಕೈವರೆಗೆ ಒದ್ದೆಯಾಗಿದ್ದದ್ದನ್ನು ಆಗ ಕಂಡೆ. ಅವರು ನನ್ನ ಕೈ ಹಿಡಿದು, ಬಳೆ ಹಿಂದಕ್ಕೆ ಸರಿಸಿ, ತೊಟ್ಟಿಯೊಳಗೆ ಇಳಿಸಿದರು. ಮನಿಪ್ಲಾಂಟಿನ ಬೇರಿನ ಹಿಂದೆ, ಗಾಜಿನ ಮೂಲೆಗೆ ನನ್ನ ಬೆರಳು ಒತ್ತಿದರು. ಬೆರಳು ಜಾರಿತು. ಲೋಳೆ ಲೋಳೆಯಾಗಿ, ಕಣ್ಣಿಗೆ ಬೀಳದಷ್ಟು ತೆಳ್ಳಗೆ, ಅಲ್ಲಿ ಪಾಚಿ ಇತ್ತು.

"ಅದಾ, ಇಲ್ವಾ?" ಎಂದರು.

"ಅದೆ ಅತ್ತೆಮ್ಮ. ಅದೆ."

"ಮತ್ತ? ಉಜ್ಜು."

ಪಾಚಿ ಕಂಡು ಅಷ್ಟು ಸಂತೋಷಪಟ್ಟವರು ಈ ಊರಿನಲ್ಲಿ ಇನ್ನೊಬ್ಬರಿರಲಾರರು. ಕಣ್ಣೊರಸಿಕೊಂಡು ನಾರು ತೆಗೆದುಕೊಂಡೆ. ದೊಡ್ಡ ಮೀನು ಬಂದು ನನ್ನ ಕೈಯನ್ನು ಒಮ್ಮೆ ಕಚ್ಚಿ, ಅತ್ತೆಯವರ ಎದುರಿಗೆ ಹೋಗಿ ನಿಂತಿತು. ಸೋಮವಾರ ಮೈಸೂರಿಗೂ ಹೋಗಿಬಂದೆವು. ಪಾಚಿ ಇತ್ತೆಂದು ಅದನ್ನು ನಾನು ಬಿಡಲಿಲ್ಲ.